ಸುಮ್ಮನೆ ಬಿಚ್ಚಿದ ಆ ಸೆಲ್ಫ್ ಮೋಟರ್

ಕೆಲಸ ಕಲಿತು ಎರಡು ವರ್ಷ ಆಗಿತ್ತಷ್ಟೆ. ಎಲ್ಲ ಬರುತ್ತೆ ಅನ್ನೋ ಧಿಮಾಕಿನ ಕಾಲ. ಒಂದು ಪೆಟ್ರೋಲ್ ಕಾರನ್ನ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಆಮೇಲೆ ಏನೂ ಇಲ್ಲ. ಹಿಂದಿನ ವಾರವಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರಂತೆ. ಮೀಟರ್ ಇಟ್ಟು ನೋಡಿದೆ, 12.6 ವೋಲ್ಟ್. ತುಂಬಿದ ಬ್ಯಾಟರಿ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದೆ, ಬೆಳಕು ಒಂಚೂರೂ ಮಂಕಾಗಲಿಲ್ಲ. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರೇ ಹೋಗಿದೆ ಅಂತ ತೀರ್ಪು ಕೊಟ್ಟೇಬಿಟ್ಟೆ.

ಆ ಗಾಡಿಯಲ್ಲಿ ಸೆಲ್ಫ್ ಮೋಟರ್ ಇಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅವಿತು ಕೂತಿತ್ತು. ಮೇಲಿನ ಬೋಲ್ಟಿಗೆ ಕೈ ಹೋದರೆ ಕಣ್ಣು ಹೋಗಲ್ಲ, ಕಣ್ಣು ಹೋದರೆ ಸ್ಪ್ಯಾನರ್ ತಿರುಗಲ್ಲ. ಬೆರಳ ಗಿಣ್ಣು ಸುಲಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೊರಗೆ ತೆಗೆದೆ. ಬೆಂಚಿನ ವೈಸ್‌ಗೆ ಬಿಗಿದು ನೇರವಾಗಿ ಬ್ಯಾಟರಿ ಕೊಟ್ಟರೆ, ಹೊಸದರ ಹಾಗೆ ಗರ್ರ್ ಅಂತ ತಿರುಗಿತು. ಆ ಸದ್ದು ಕೇಳಿ ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು. ಯಾರಿಗೂ ಹೇಳದೆ ವಾಪಸ್ ಕೂರಿಸಿದೆ. ಮತ್ತೆ ಕೀ. ಮತ್ತೆ ಅದೇ ‘ಟಕ್’.

ನನಗೆ ಕೆಲಸ ಕಲಿಸಿದ ಅಣ್ಣ ಅಷ್ಟೊತ್ತಿಗೆ ಹತ್ತಿರ ಬಂದರು. “ಎಷ್ಟು ವೋಲ್ಟ್ ಇದೆಯೋ?”

“12.6 ಇದೆ ಅಣ್ಣ.”

“ಅದು ಸುಮ್ಮನಿದ್ದಾಗ. ಸೆಲ್ಫ್ ಹೊಡೆದಾಗ ಎಷ್ಟು?”

ನಾನು ನೋಡೇ ಇರಲಿಲ್ಲ. ಅವರು ಮೀಟರಿನ ಒಂದು ಕಡ್ಡಿಯನ್ನ ಬ್ಯಾಟರಿಯ ಮೈನಸ್ ಕಂಬದ ಮೇಲೆ ಒತ್ತಿ ಹಿಡಿದರು. ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಕಡ್ಡಿಯನ್ನ ಇಂಜಿನ್ ಬ್ಲಾಕಿನಲ್ಲಿ ಬಣ್ಣ ಇಲ್ಲದ ಒಂದು ಬೋಲ್ಟಿಗೆ ಚುಚ್ಚಿ, “ಹೊಡಿ” ಅಂದರು. ಇವೆರಡರ ನಡುವೆ ಸೆಲ್ಫ್ ಹೊಡೆದಾಗಲೂ ಅರ್ಧ ವೋಲ್ಟ್ ದಾಟಬಾರದು. ಮೀಟರ್ 7ರ ಹತ್ತಿರ ತೋರಿಸಿತು. ಅಣ್ಣ ಮಾತಾಡದೆ ಜಂಪ್ ಕೇಬಲ್ ತಂದು ಒಂದು ತುದಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್‌ಗೆ ಕಚ್ಚಿಸಿದರು. ಒಂದೇ ಏಟಿಗೆ ಗಾಡಿ ಸ್ಟಾರ್ಟ್.

ಗೇರ್‌ಬಾಕ್ಸಿನಿಂದ ಕಾರಿನ ಬಾಡಿಗೆ ಬರುವ ಅರ್ಥಿಂಗ್ ಪಟ್ಟಿ ಕೊಳೆತಿತ್ತು. ಬ್ಯಾಟರಿಯ ಮೈನಸ್ ಕಟ್ಟಿರೋದು ಬಾಡಿಗೆ, ಸೆಲ್ಫ್ ಎಳೆಯುವ ಕರೆಂಟು ಅಲ್ಲಿಗೆ ವಾಪಸ್ ಬರೋದು ಈ ಪಟ್ಟಿಯ ಮೂಲಕ. ಮೇಲಿಂದ ನೋಡಿದರೆ ಚೆನ್ನಾಗೇ ಇದೆ. ಮಡಚಿದಾಗ ಹಸಿರು ಪುಡಿ ಉದುರಿ, ಒಳಗೆ ನಾಲ್ಕೈದು ತಾಮ್ರದ ಎಳೆ ಮಾತ್ರ ಉಳಿದಿದ್ದು ಕಾಣಿಸಿತು. ಮೀಟರಿಗೆ ಆ ನಾಲ್ಕು ಎಳೆ ಧಾರಾಳ, ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. ಸೆಲ್ಫ್ ಹಾಗಲ್ಲ, ನೂರಾರು ಆಂಪಿಯರ್ ಕೇಳುತ್ತೆ. 150 ಆಂಪಿಯರ್ ಹರಿಯುವ ದಾರಿಯಲ್ಲಿ ಬರೀ 0.04 ಓಮ್ ತಡೆ ಇದ್ದರೂ 6 ವೋಲ್ಟ್ ಅಲ್ಲೇ ಇಂಗಿಹೋಗುತ್ತೆ, ಸೆಲ್ಫ್ ಪಾಲಿಗೆ ಉಳಿಯೋದು ಅರ್ಧ. ಹೆಡ್‌ಲೈಟ್ ಮಂಕಾಗದೇ ಇದ್ದದ್ದೂ ಇದಕ್ಕೇ. ಅದರ ಅರ್ಥಿಂಗ್ ಬಾಡಿಗೆ ಇರೋದರಿಂದ ಕೊಳೆತ ಪಟ್ಟಿಯ ಗೊಡವೆ ಅದಕ್ಕಿಲ್ಲ. ಸೆಲ್ಫ್ ಸುಟ್ಟಿದ್ದರೂ ಲೈಟ್ ಹಾಗೇ ಉರಿಯುತ್ತೆ, ಪಟ್ಟಿ ಕೊಳೆತಿದ್ದರೂ ಹಾಗೇ ಉರಿಯುತ್ತೆ. ಲೈಟ್ ನೋಡಿ ನಾನು ಏಮಾರಿದ್ದು ಇಲ್ಲೇ.

ಅಂದಿನಿಂದ ಸೆಲ್ಫ್ ಹೊಡೆಯುತ್ತಿರುವಾಗ ಅಳೆಯದೆ ಸ್ಪ್ಯಾನರ್ ಮುಟ್ಟಲ್ಲ. ಬ್ಯಾಟರಿಗೂ ಇದೇ ಪರೀಕ್ಷೆ. ಸುಮ್ಮನಿದ್ದಾಗ 12.6 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಮೇಲೆ ನನಗೆ ನಂಬಿಕೆ ಇಲ್ಲ. ಬ್ಯಾಟರಿ ಬದಲಿಸಿದ ಮೇಲೂ ಇಂಜಿನ್ ಓಡುವಾಗ ಒಮ್ಮೆ ನೋಡಬೇಕು. 14ರ ಆಸುಪಾಸು ಇಲ್ಲದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿಯೂ ನಾಲ್ಕು ದಿನಕ್ಕೆ ಮಲಗುತ್ತೆ.

ಫೋನಿನಲ್ಲಿ “ಗಾಡಿ ಸ್ಟಾರ್ಟ್ ಆಗ್ತಿಲ್ಲ” ಅಂದವರನ್ನ ಮೊದಲು ಕೇಳೋದು, “ಸದ್ದು ಹೇಗೆ ಬರುತ್ತೆ ಸರ್?” ಪಟಪಟಪಟ ಅಂತ ಬಡಿದುಕೊಂಡರೆ ಬಹುಪಾಲು ಬ್ಯಾಟರಿ ಇಳಿದಿರುತ್ತೆ, ಇಲ್ಲವೇ ಟರ್ಮಿನಲ್ ಸಡಿಲ. ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಮರೆತುಬಿಡಬಹುದು, ಅದರ ದಾರಿಯೇ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪೆಟ್ರೋಲ್ ಪಂಪ್ ಗುಂಯ್ ಅನ್ನುತ್ತಾ? ಕಳ್ಳತನ ತಡೆಯುವ ಇಮೊಬಿಲೈಸರಿನ ದೀಪ ಮಿನುಗುತ್ತಾ? ತುಂಬ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಚೂರು ಏಳುತ್ತೆ. ಅಂಥ ಗಾಡಿಯಲ್ಲಿ ಮುಳ್ಳು ಅಲುಗಾಡದಿದ್ದರೆ ನನ್ನ ಅನುಮಾನ ಮೊದಲು ಇಂಜಿನ್ ತಿರುಗೋದನ್ನ ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಆ ಸೆನ್ಸರ್ ಬಲು ಕಿಲಾಡಿ. ಬಿಸಿಯಾದಾಗ ಕೈಕೊಟ್ಟು, ನಾವು ಹೋಗುವಷ್ಟರಲ್ಲಿ ತಣ್ಣಗಾಗಿ ಒಳ್ಳೆಯ ಮಗುವಿನ ಹಾಗೆ ಕೂತಿರುತ್ತೆ.

ಒಂದು ಸದ್ದಿಗೆ ಮಾತ್ರ ಫೋನಿನಲ್ಲೇ “ನಿಲ್ಲಿಸಿ” ಅಂತ ಕೂಗುತ್ತೇನೆ. ಇಂಜಿನ್ ಎಂದಿಗಿಂತ ಹಗುರವಾಗಿ, ಸರ್ರ್ ಅಂತ ಹೊಲಿಗೆ ಮಿಷಿನ್ ಹಾಗೆ ತಿರುಗಿದರೆ, ಪಿಸ್ಟನ್ನಿನ ಲಯಕ್ಕೆ ವಾಲ್ವ್ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಕಿತ್ತಿರಬಹುದು. ಇನ್ನೂ ಸೆಲ್ಫ್ ಹೊಡೆದರೆ ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತವೆ.

ಇನ್ನು ಸದ್ದೇ ಇಲ್ಲದ ಗಾಡಿ. ಮೊನ್ನೆ ಒಬ್ಬರು, ದೀಪ ಎಲ್ಲ ಉರಿಯುತ್ತೆ, ಬಟನ್ ಒತ್ತಿದರೆ ‘ಟಕ್’ ಕೂಡ ಇಲ್ಲ ಅಂದರು. ಕ್ಲಚ್ ಪೂರ್ತಿ ತುಳಿದಿದ್ದೀರಾ ಅಂತ ಎರಡು ಸಲ ಕೇಳಿದೆ. ಎರಡನೇ ಸಲಕ್ಕೆ ಅವರಿಗೆ ಸ್ವಲ್ಪ ಸಿಟ್ಟೇ ಬಂತು, “ಗಾಡಿ ಓಡಿಸೋಕೆ ಬರುತ್ತೆ ನನಗೆ.” ಸರಿ, ಮೀಟರ್, ಕೇಬಲ್, ರಿಲೇ ಎಲ್ಲ ಹೊತ್ತುಕೊಂಡು ಹೋದೆ. ಬಾಗಿಲು ತೆಗೆದು ಬಗ್ಗಿ ನೋಡಿದರೆ ಹೊಸ ದಪ್ಪ ಮ್ಯಾಟ್ ಮುದುಡಿ ಕ್ಲಚ್ ಪೆಡಲಿನ ಹಿಂದೆ ಸಿಕ್ಕಿಕೊಂಡಿದೆ. ಪೆಡಲ್ ತಳ ಮುಟ್ಟುತ್ತಿಲ್ಲ, ಕ್ಲಚ್ ಸ್ವಿಚ್ ಒತ್ತಿಕೊಳ್ಳುತ್ತಿಲ್ಲ. ಮ್ಯಾಟ್ ಎಳೆದೆ, ಗಾಡಿ ಸ್ಟಾರ್ಟ್ ಆಯ್ತು. ಅವರ ಮುಖ ನೋಡೋಕೆ ಸಂಕೋಚವಾಗಿ, ತೆಗೆಯದೇ ಇದ್ದ ಬಾನೆಟ್ಟನ್ನ ಸರಿಯಾಗಿ ಮುಚ್ಚಿದೆಯಾ ಅಂತ ನೋಡುವ ನೆಪದಲ್ಲಿ ಮುಂದಕ್ಕೆ ಹೋದೆ.