ಅಮ್ಮನ ಸಾವಿರ ಕಡ್ಡಿ ಲೆಕ್ಕ

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಕಟ್ಟಿದ್ದೇನೆ. ದುಡಿಮೆ ಮತ್ತು ಜಾಗತೀಕರಣದ ಪಾಠ ಬಂದಾಗಿನಿಂದ ಓದು ನಿಧಾನವಾಗಿದೆ. ಕಷ್ಟ ಅಂತಲ್ಲ. ಪ್ರತಿ ಪುಟದಲ್ಲೂ ನಮ್ಮಮ್ಮ ಅಡ್ಡ ಬರುತ್ತಾಳೆ.

ಮೈಸೂರಿನ ಕ್ಯಾತಮಾರನಹಳ್ಳಿಯಲ್ಲಿ ನಮ್ಮದು ವಠಾರದ ಮನೆ. ಅಡುಗೆ ಮುಗಿದ ಮೇಲೆ ಅಮ್ಮ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯಲು ಕೂರುತ್ತಿದ್ದಳು. ಇದ್ದಿಲು ಪುಡಿ, ಜಿಗಟು, ಬಿದಿರಿನ ಕಡ್ಡಿ ಎಲ್ಲ ಏಜೆಂಟ್ ತಂದು ಹಾಕುತ್ತಿದ್ದ. ಕೂಲಿ ಸಾವಿರಕ್ಕೆ ಇಷ್ಟು ಅಂತ. ವಾಪಸ್ ಒಯ್ಯುವಾಗ ಕಂತೆ ಬಿಚ್ಚಿ, ದಪ್ಪ ಆಗಿದೆ, ಸೊಟ್ಟ ಆಗಿದೆ ಅಂತ ಒಂದಷ್ಟು ಕಡ್ಡಿ ಎಸೆಯುತ್ತಿದ್ದ. ಎಸೆದಿದ್ದಕ್ಕೆ ದುಡ್ಡಿಲ್ಲ. ಅಮ್ಮನ ಅಂಗೈ ಮಾತ್ರ ಹಬ್ಬದ ದಿನವೂ ಕಪ್ಪು.

ಆ ಬತ್ತಿಗೆ ವಾಸನೆಯೇ ಇರುತ್ತಿರಲಿಲ್ಲ. ಸುಗಂಧದಲ್ಲಿ ಅದ್ದುವ ಕೆಲಸ ಕಾರ್ಖಾನೆಯದು, ಆ ಹದ ಅವರ ಗುಟ್ಟು. ನಮ್ಮ ದೇವರಿಗೆ ಹಚ್ಚಬೇಕಾದರೆ ಅಂಗಡಿಯಿಂದ ಪ್ಯಾಕೆಟ್ ತರಬೇಕು. ದುಡಿದವನಿಂದಲೇ ಅವನು ಮಾಡಿದ ವಸ್ತು ದೂರವಾಗುತ್ತದೆ ಅಂತ ಮಾರ್ಕ್ಸ್ ಹೇಳಿದ್ದನ್ನು ವಿವರಿಸಲು ಪುಸ್ತಕಗಳು ಯಾವಾಗಲೂ ಕಾರು ಕಾರ್ಖಾನೆಗೇ ಯಾಕೆ ಹೋಗುತ್ತವೋ!

ಆದರೆ ನಮ್ಮ ಮನೆಗೆ ಮಾರ್ಕ್ಸ್‌ಗಿಂತ ಜಾಸ್ತಿ ಹತ್ತಿರ ಬಂದವಳು ಮರಿಯಾ ಮೀಸ್, ಜರ್ಮನಿಯ ಸಮಾಜಶಾಸ್ತ್ರಜ್ಞೆ. 1970ರ ದಶಕದ ಕೊನೆಯಲ್ಲಿ ಆಂಧ್ರದ ನರ್ಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಅಧ್ಯಯನ ಮಾಡಿದಳು. ಲೇಸ್ ಹಡಗು ಹತ್ತಿ ವಿದೇಶಕ್ಕೆ ಹೋಗುತ್ತದೆ, ವ್ಯಾಪಾರಿಗಳು ಸಾಹುಕಾರರಾಗುತ್ತಾರೆ. ಹೆಣೆದವರು ಮಾತ್ರ 'ಮನೆಯಲ್ಲಿರುವ ಹೆಂಗಸರು', ಬಿಡುವಿನಲ್ಲಿ ಏನೋ ಮಾಡುವವರು. ಹಾಗೆ ಕರೆಯುವುದರಿಂದಲೇ ಕೂಲಿ ಅಷ್ಟು ಕಡಿಮೆ ಇಡಲು ಸಾಧ್ಯ ಅನ್ನುವುದು ಅವಳ ವಾದ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ನಮ್ಮಪ್ಪ ಕೂಡ ಹಾಗೇ ಹೇಳುತ್ತಿದ್ದ: "ಸುಮ್ನೆ ಕೂರೋ ಬದಲು ಏನೋ ಮಾಡ್ತಾಳೆ." ಆ ಏನೋದಲ್ಲೇ ನನ್ನ ಸ್ಕೂಲ್ ಫೀಸು ಕಟ್ಟಿದ್ದು.

ಅಪ್ಪನಿಗೆ ಮೇಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಪಿ.ಎಫ್., ಇ.ಎಸ್.ಐ., ಯೂನಿಯನ್ ಎಲ್ಲ ಇತ್ತು. ಅದು ಮುಚ್ಚಿದಾಗ ಸೋದರಮಾವಂದಿರು ಬಂದು ಕೂತು ಸಮಾಧಾನ ಹೇಳಿದರು. ಅಮ್ಮನ ಕೆಲಸ ಹೋದಾಗ ಯಾರೂ ಬರಲಿಲ್ಲ. ಹೋಯಿತು ಅಂತಲೇ ಯಾರಿಗೂ ಅನಿಸಲಿಲ್ಲ. ಏಜೆಂಟ್ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು, ಅಷ್ಟೇ.

ಯಾಕೆ ನಿಂತಿತು ಅನ್ನುವುದು ಈಗ ಓದುವಾಗ ಗೊತ್ತಾಗುತ್ತಿದೆ. ಮೈಸೂರು ಅಗರಬತ್ತಿಗೆ 2005ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಹೆಸರು ನಮ್ಮೂರಿನದಾಯಿತು. 2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇ. 30ರಿಂದ 10ಕ್ಕೆ ಇಳಿಯಿತು. ತ್ರಿಪುರಾದಿಂದ ಬರುತ್ತಿದ್ದ ಕಡ್ಡಿಯ ಜಾಗಕ್ಕೆ ಚೀನಾ, ವಿಯೆಟ್ನಾಂ ಕಡ್ಡಿ ಬಂತು. ಕೈಯಲ್ಲಿ ಹೊಸೆಯಲು ಚೌಕ ಕಡ್ಡಿ ನಡೆಯುತ್ತದೆ, ಮೆಷಿನ್‌ಗೆ ದುಂಡು ಕಡ್ಡಿಯೇ ಬೇಕು. ಹೊರಗಿನಿಂದ ಬಂದಿದ್ದು ದುಂಡು ಕಡ್ಡಿ. ಹೊಸೆದ ಬತ್ತಿಯೂ ಹೊರಗಿನಿಂದ ಬರತೊಡಗಿತು. ಸರ್ಕಾರ 2019ರಲ್ಲಿ ಅಗರಬತ್ತಿ ಆಮದಿಗೆ ಕಡಿವಾಣ ಹಾಕಿತು, 2020ರಲ್ಲಿ ಕಡ್ಡಿಯ ಸುಂಕವನ್ನು ಶೇ. 25ಕ್ಕೆ ಏರಿಸಿತು. ಬಿದಿರು ಬೆಳೆಯುವವರಿಗೆ, ಮೆಷಿನ್ ಇಟ್ಟವರಿಗೆ ಅನುಕೂಲವೇ. ಅಮ್ಮನ ಮಣೆಗೆ ಅದರಿಂದ ಏನೂ ಬರಲಿಲ್ಲ. ದಿಲ್ಲಿಯಲ್ಲಿ ಸುಂಕ ಇಳಿದರೂ ಏರಿದರೂ ನಮ್ಮ ವಠಾರದ ಹೆಂಗಸರು ಯಾರ ಲೆಕ್ಕದಲ್ಲೂ ಇರಲಿಲ್ಲ ಅಲ್ವಾ?

ಮನೆಯಲ್ಲೇ ಕೂತು ದುಡಿಯುವವರಿಗಾಗಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದ ತಂದಿದೆ, ನಂಬರ್ 177. ಉಳಿದ ಕಾರ್ಮಿಕರಿಗೆ ಸಿಗುವ ರಕ್ಷಣೆ ಇವರಿಗೂ ಸಿಗಬೇಕು ಅನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಇದನ್ನು ಹೇಳಿದಾಗ ಅಮ್ಮ ಹೂಂ ಅಂದಳು. ನರ್ಸಾಪುರದ ಕಥೆ ಹೇಳಿದಾಗ ಮಾತ್ರ ಕಾಯಿ ತುರಿಯುವುದು ನಿಲ್ಲಿಸಿದಳು.

"ಅಲ್ಲೂ ಸಾವಿರದ ಲೆಕ್ಕನೇನೇ?"

"ಲೇಸು ಕಣಮ್ಮ, ಕಡ್ಡಿ ಥರ ಎಣಿಸಕ್ಕಾಗಲ್ಲ."

"ಹಂಗಾರೆ ಸೊಟ್ಟ ಅಂತ ಎಸೆಯೋದು ಹೆಂಗೆ?"