ಗೋಡೆಗೆ ಅಮ್ಮ ಆದ ಕತೆ

ಚಿತ್ರದುರ್ಗದ ಕಲ್ಯಾಣ ಮಂಟಪದ ಮಾಲೀಕರೊಬ್ಬರು ಒಂದು ರಾತ್ರಿ ಎಂಟೂವರೆಗೆ ಫೋನ್ ಮಾಡಿದರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ‘ಏನ್ ಸರ್ ಇದು, ಗೋಡೆಗೆ ಅಮ್ಮ ಆದಂಗೆ ಕಾಣ್ತೈತಲ್ಲ’ ಅಂದರು. ನಾನು ಹುಬ್ಬಳ್ಳಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಎಡಗೈಯಲ್ಲಿ ವಾಟ್ಸಾಪ್ ತೆಗೆದು ನೋಡಿದೆ. ಅದೇ ಗೋಡೆಯ ಫೋಟೋ ನಾಲ್ಕು ದಿನದ ಹಿಂದೆ ಬಂದಿತ್ತು, ಅದರ ಕೆಳಗೆ ನನ್ನ ಹೆಬ್ಬೆಟ್ಟು. ಓದು ಬಾರದವರು ಸಾಲದ ಪತ್ರಕ್ಕೆ ಒತ್ತುತ್ತಿದ್ದ ಹೆಬ್ಬೆಟ್ಟಿಗೂ ನಾನು ಒತ್ತಿದ್ದಕ್ಕೂ ಆವತ್ತು ಏನೂ ವ್ಯತ್ಯಾಸ ಇರಲಿಲ್ಲ ಬಿಡಿ.

ನಮ್ಮದು ಕಟ್ಟಡಗಳಿಗೆ ಲೈಟಿಂಗ್ ಡಿಸೈನ್ ಮಾಡುವ ಕಂಪನಿ. ಹೆಡ್ ಆಫೀಸು ಬೆಂಗಳೂರಿನಲ್ಲಿ. ನಾನು ದಾವಣಗೆರೆಯಲ್ಲಿ ಕೂತು ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಮೂರೂ ಆಫೀಸು ನೋಡಿಕೊಳ್ಳುತ್ತೇನೆ. ಚಿತ್ರದುರ್ಗದ ಸೈಟುಗಳು ನಮ್ಮ ದಾವಣಗೆರೆ ಲೆಕ್ಕಕ್ಕೇ. ಆಫೀಸು ಅಂದರೆ ದೊಡ್ಡದೇನಲ್ಲ, ಇಲ್ಲಿ ಐದು ಜನ, ಆ ಎರಡು ಊರಲ್ಲಿ ಮೂರು ಮೂರು ಜನ. ಆದರೆ ಕರೆಂಟ್ ಕಂಪನಿಯೇ ಮೂರು. ಇಲ್ಲಿ ಬೆಸ್ಕಾಂ, ಹುಬ್ಬಳ್ಳಿಗೆ ಹೆಸ್ಕಾಂ, ಶಿವಮೊಗ್ಗಕ್ಕೆ ಮೆಸ್ಕಾಂ. ಇನ್ನು ಗಿರಾಕಿಗಳ ಸ್ವಭಾವ ಎಷ್ಟು ಥರ ಅಂತ ಕೇಳಲೇಬೇಡಿ. ಈ ಕಡೆ ಡಿಸೈನಿಗೆ ಫೀಸು ಅಂದ ಕೂಡಲೇ ‘ಲೈಟ್ ಅಂಗಡಿಯೋರು ಪುಕ್ಕಟೆ ಮಾಡ್ಕೊಡ್ತಾರಲ್ರೀ’ ಅನ್ನುತ್ತಾರೆ. ಮಾಡಿಕೊಡುತ್ತಾರೆ ನಿಜ. 40 ಲೈಟು ಸಾಕಾಗುವ ಕಡೆ 70 ಬರೆದರೆ ಆ ಪುಕ್ಕಟೆ ಅಲ್ಲೇ ವಸೂಲಾಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಒಂದು ರೂಮಿಗೆ ಮಾಡಿ ತೋರಿಸಬೇಕು.

ಗೋಡೆಯ ವಿಷಯಕ್ಕೆ ಬರುತ್ತೇನೆ. ಮಂಟಪದ ವೇದಿಕೆ ಹಿಂದೆ 14 ಅಡಿ ಎತ್ತರದ ಗೋಡೆ. ನಮ್ಮ ಡ್ರಾಯಿಂಗ್‌ನಲ್ಲಿ ಅದಕ್ಕೆ ಒರಟು ಕಲ್ಲಿನ ಕ್ಲಾಡಿಂಗ್, ಅಂದರೆ ಕಲ್ಲಿನ ಹೊದಿಕೆ, ಇತ್ತು. ಅದಕ್ಕೇ ಲೈಟುಗಳನ್ನು ಗೋಡೆಯಿಂದ ಬರೀ ಅರ್ಧ ಅಡಿ ದೂರದಲ್ಲಿ, ಸೀಲಿಂಗ್ ಸಂದಿನಲ್ಲಿ ಕೂರಿಸಿದ್ದೆವು. ಬೆಳಕು ಗೋಡೆ ಸವರಿಕೊಂಡು ಇಳಿಯಬೇಕು, ಕಲ್ಲಿನ ಉಬ್ಬು ತಗ್ಗು ಎದ್ದು ಕಾಣಬೇಕು. ಇದಕ್ಕೆ ಗ್ರೇಜಿಂಗ್ ಅನ್ನುತ್ತೇವೆ. ನಡುವೆ ಮಾಲೀಕರಿಗೆ ಖರ್ಚು ಜಾಸ್ತಿ ಅನ್ನಿಸಿ ಕಲ್ಲು ಬಿಟ್ಟು ಪುಟ್ಟಿ ಹಾಕಿಸಿ ಪೇಂಟ್ ಹೊಡೆಸಿದರು. ನಮ್ಮ ಸೈಟ್ ಇಂಜಿನಿಯರ್ ಹುಡುಗಿ ಫೋಟೋ ಹಾಕಿ ‘ಸರ್, ಗೋಡೆ ಪುಟ್ಟಿ ಆಗಿದೆ, ಲೈಟ್ ಹೀಗೇ ಇರಲಾ?’ ಅಂತ ಕೇಳಿದ್ದಳು. ಫೋಟೋದಲ್ಲಿ ಗೋಡೆ ಬೆಣ್ಣೆ ಸವರಿದಷ್ಟು ನುಣ್ಣಗೆ. ಹೆಬ್ಬೆಟ್ಟು ಒತ್ತಿದೆ.

ಕಲ್ಲಿಗೆ ಚಂದ ಕೊಡುವ ಲೈಟು ಪುಟ್ಟಿಗೆ ಶತ್ರು. ಕರಣೆ ಎಳೆದ ಪ್ರತಿ ಗುರುತಿಗೂ, ತೇಪೆ ಹಾಕಿದ ಪ್ರತಿ ಜಾಗಕ್ಕೂ ಉದ್ದುದ್ದ ನೆರಳು ಬರುತ್ತದೆ. ಹಗಲು ಏನೂ ಇರುವುದಿಲ್ಲ, ಕತ್ತಲಾಗಿ ಲೈಟ್ ಹಾಕಿದಾಗ ಗೋಡೆ ತುಂಬ ಬೊಕ್ಕೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಹೊಸಬರಿಗೆ ಮೊದಲ ವಾರ ನಾನೇ ಹೇಳಿಕೊಡುವ ಪಾಠ ಅದು. ಆದರೆ ಆ ಫೋಟೋ ತೆಗೆದದ್ದು ಮಧ್ಯಾಹ್ನ, ನಾಲ್ಕೂ ಕಿಟಕಿ ತೆರೆದು. ಅದರ ಮೇಲೆ ಫೋನ್ ಕ್ಯಾಮೆರಾ ಬೇರೆ. ಅದು ನಮ್ಮ ಕಸುಬಿನಲ್ಲಿ ಸುಳ್ಳು ಸಾಕ್ಷಿ ಹೇಳುವ ಗಿರಾಕಿ. ಕತ್ತಲಿದ್ದರೆ ತಾನೇ ಬೆಳಗಿಸುತ್ತದೆ, ಕಣ್ಣು ಕುಕ್ಕುವ ಬೆಳಕಿದ್ದರೆ ತಾನೇ ತಗ್ಗಿಸುತ್ತದೆ, 3000 ಕೆಲ್ವಿನ್‌ನ ಹಳದಿ ಬೆಳಕನ್ನೂ 4000ದ ಬಿಳಿ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಫೋಟೋ ಚೆನ್ನಾಗಿ ಬರಲಿ ಅಂತ ಮಾಡಿದ ಯಂತ್ರ ಅದು, ತಪ್ಪು ಅದರದ್ದಲ್ಲ.

ಮಾರನೇ ದಿನ ಹುಬ್ಬಳ್ಳಿಯಿಂದ ನೇರ ಚಿತ್ರದುರ್ಗಕ್ಕೆ ಇಳಿದೆ. ಹುಡುಗಿ ಅಲ್ಲೇ ಇದ್ದಳು. ಬೈಯಲು ಸಿದ್ಧನಾಗಿಯೇ ಹೋಗಿದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಅವಳು ಡೈರಿ ತೆಗೆದು ತೋರಿಸಿದಳು. ಫೋಟೋ ಕಳಿಸುವ ಹಿಂದಿನ ಸಂಜೆಯೇ ಬರೆದಿದ್ದಳು, ‘ಪುಟ್ಟಿ ಲೆವೆಲ್ ಇಲ್ಲ, ಲೈಟ್ ಹಾಕಿದರೆ ಕಾಣುತ್ತೆ’ ಅಂತ. ‘ಮತ್ತೆ ನನಗೇಕೆ ಹೇಳಲಿಲ್ಲಮ್ಮಾ?’ ಅಂದೆ. ‘ಕೇಳಿದ್ನಲ್ಲ ಸರ್, ನೀವು ಓಕೆ ಅಂದ್ರಿ. ನಿಮಗೆ ಗೊತ್ತಿರುತ್ತೆ ಅನ್ಕೊಂಡೆ.’

ಈ ಮಾತು ಆ ಗೋಡೆಗಿಂತ ಜಾಸ್ತಿ ಚುಚ್ಚಿತು. ಯಾಕೆಂದರೆ ಹಾಗೆ ಅಭ್ಯಾಸ ಮಾಡಿಸಿದ್ದು ನಾನೇ. ಡೌನ್‌ಲೈಟಿನ ಬೆಳಕು ಹರಡುವ ಕೋನ 24 ಡಿಗ್ರಿಯೋ 36 ಡಿಗ್ರಿಯೋ, ಪೂಜಾ ಕೋಣೆಗೆ 2700 ಕೆಲ್ವಿನ್ ಹಾಕಲೋ 3000 ಹಾಕಲೋ, ಎಲ್ಲವೂ ನನ್ನ ಫೋನಿಗೆ ಬಂದು ಹೋಗಬೇಕಿತ್ತು. ಮೂರು ಊರಿನ 11 ಜನ ಬೆಳಗಾದರೆ ನನ್ನ ಹೆಬ್ಬೆಟ್ಟಿಗೆ ಕಾಯುತ್ತಿದ್ದರು. ನಾನು ಅದನ್ನು ಕೆಲಸ ಅಂದುಕೊಂಡಿದ್ದೆ, ದಿನಕ್ಕೆ ಅರವತ್ತು ಎಪ್ಪತ್ತು ಮೆಸೇಜಿಗೆ ಉತ್ತರ ಕೊಟ್ಟು ಮನೆಗೆ ಹೋಗಿ ಸುಸ್ತಾಯ್ತು ಅಂತ ಮಲಗುತ್ತಿದ್ದೆ. ಗೋಡೆಯ ಮುಂದೆ ನಿಂತವಳ ಕಣ್ಣಿಗೆ ಕಂಡಿದ್ದನ್ನು 200 ಕಿಲೋಮೀಟರ್ ಆಚೆ ಇರುವ ನನ್ನ ಫೋನಿಗೆ ಕೇಳಿ ಅಳಿಸುವ ವ್ಯವಸ್ಥೆ ಅದು.

ಜಿಪ್ಸಂ ಸೀಲಿಂಗ್ ಕೊಯ್ದು ಲೈಟುಗಳನ್ನು ಗೋಡೆಯಿಂದ ನಾಲ್ಕೂವರೆ ಅಡಿ ದೂರಕ್ಕೆ ತಂದೆವು. ಗೋಡೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರ ಅನ್ನುವುದು ನಮ್ಮಲ್ಲಿ ಕೈಲೆಕ್ಕ, ಅಷ್ಟು ದೂರದಿಂದ ಬಿದ್ದರೆ ಬೆಳಕು ಗೋಡೆಯನ್ನು ತೊಳೆದ ಹಾಗೆ ಸಮನಾಗಿ ಹರಡುತ್ತದೆ, ಉಬ್ಬು ತಗ್ಗು ಅಡಗುತ್ತದೆ. ಖರ್ಚಿನಲ್ಲಿ ಅರ್ಧ ನಮ್ಮ ತಲೆಗೆ. ಮೊದಲ ಮದುವೆಗೆ 11 ದಿನ ಇತ್ತು, ಹೇಗೋ ಮುಗಿಸಿದೆವು.

ದೂರ ಇದ್ದದ್ದಕ್ಕೇ ಹೀಗಾಯಿತು, ಹತ್ತಿರ ಇದ್ದಿದ್ದರೆ ಆಗುತ್ತಿರಲಿಲ್ಲ ಅಂತ ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಎರಡು ತಿಂಗಳಿಗೆ ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಸೀರೆ ಅಂಗಡಿ ಕೆಲಸ ಮುಗಿಯಿತು, ನನ್ನ ಆಫೀಸಿನಿಂದ ಬೈಕಲ್ಲಿ ಹತ್ತು ನಿಮಿಷ. ರಿಪೋರ್ಟಿನಲ್ಲಿ ಎಲ್ಲ ಸಾಲಿಗೂ ಟಿಕ್. ಕೌಂಟರ್ ಮೇಲೆ ಲಕ್ಸ್ (ಬೀಳುವ ಬೆಳಕಿನ ಅಳತೆ) ಸರಿ, ವ್ಯಾಟ್ ಸರಿ, ಕೆಲ್ವಿನ್ ಸರಿ. ಒಂದು ಶನಿವಾರ ಮನೆಯವಳ ಜೊತೆ ಗಿರಾಕಿಯಾಗಿ ಹೋದಾಗ ಅಲ್ಲಿಯ ಹಳೇ ಸೇಲ್ಸ್‌ಮನ್ ಒಬ್ಬರು, ನಾನು ಯಾರು ಅಂತ ಗೊತ್ತಿಲ್ಲದೆ, ಗೊಣಗಿದರು. ‘ಅಷ್ಟು ದುಡ್ಡು ಸುರಿದು ಲೈಟ್ ಹಾಕ್ಸಿದ್ರು, ಹೆಣ್ಮಕ್ಕಳು ಇನ್ನೂ ಸೀರೆ ಹಿಡ್ಕಂಡು ಬಾಗಿಲಿಗೇ ಹೋಗ್ತಾರೆ ನೋಡ್ರಿ.’

ಸೀರೆ ಬಾಗಿಲಿಗೆ ಹೋಯಿತು ಅಂದರೆ ನಮ್ಮ ಲೈಟು ಫೇಲು, ಅಷ್ಟೇ. ಬಿಸಿಲಲ್ಲಿ ಕಾಣುವ ಬಣ್ಣ ಒಳಗೇ ಕಾಣಬೇಕು. ಕುಂಕುಮಗೆಂಪು ಸೀರೆ ಅಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಏಣಿ ತರಿಸಿ ಒಂದು ಲೈಟು ಬಿಚ್ಚಿಸಿದೆ. ಕಂಟ್ರಾಕ್ಟರು ‘ಅದೇ ವ್ಯಾಟ್ ಸರ್’ ಅಂತ ಬೇರೆ ಮಾಲು ಹಾಕಿದ್ದ. ಲೈಟಿನಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಕೊಡುವ ಅಂಕ ಸಿಆರ್‌ಐ. ನಾವು ಬರೆದಿದ್ದು ಸಿಆರ್‌ಐ 90, ಆರ್9 ಕೂಡ ಇಷ್ಟಿರಬೇಕು ಅಂತ. ಬಂದಿದ್ದು 80ರದ್ದು. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಿಆರ್‌ಐ ಅನ್ನುವುದು ಎಂಟು ಪೇಲವ ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ, ಅದು ಒಂಬತ್ತನೆಯದು, ಅದಕ್ಕೇ ಆರ್9. ಡಬ್ಬದ ಮೇಲಿನ ನಂಬರ್ ಚೆನ್ನಾಗಿದ್ದೂ ಕೆಂಪು ಸತ್ತು ಹೋಗಿರಬಹುದು. ಮದುವೆ ಸೀರೆ ಮಾರುವ ಅಂಗಡಿಯಲ್ಲಿ ಕೆಂಪು ಸತ್ತರೆ ಇನ್ನೇನು ಉಳಿಯಿತು? ನಮ್ಮ ರಿಪೋರ್ಟ್ ಫಾರಂನಲ್ಲಿ ಆರ್9ಗೆ ಕಾಲಂ ಇರಲಿಲ್ಲ. ಫಾರಂ ಮಾಡಿದ್ದು ಯಾರು ಅಂತ ಕೇಳಬೇಡಿ.

ಇನ್ನೊಂದು ಬೇಗ ಹೇಳಿ ಮುಗಿಸುತ್ತೇನೆ. ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಹೊರಗಿನ ಲೈಟುಗಳ ಡ್ರೈವರ್, ಅಂದರೆ ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಡಬ್ಬಿ, ಸುಟ್ಟು ಹೋಗುತ್ತಿದ್ದವು, ಎರಡು ಸಲ ಬದಲಾಯಿಸಿದರೂ ಮತ್ತೆ ಅದೇ ಕತೆ. ಸರ್ಜ್ ಪ್ರೊಟೆಕ್ಟರ್ ಹಾಕಿತ್ತು. ಬೆಂಗಳೂರಿನಿಂದ ಡ್ರೈವರ್ ಕಂಪನಿ ಬದಲಾಯಿಸಿ ಅಂತ ಇಮೇಲ್ ಬಂತು. ಅಲ್ಲಿನ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಹುಡುಗನಿಗೆ ಕೇಳಿದರಂತೆ, ‘ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆತಪ್ಪಾ?’ ಉಪ್ಪು ಇದ್ದಲು ತುಂಬಿದ ಹಳೇ ಥರದ ಗುಂಡಿ, ಬೇಸಿಗೆಯಲ್ಲಿ ಕಾದು ಒಣಗಿ ಕೂತಿತ್ತು. ಸರ್ಜ್ ಪ್ರೊಟೆಕ್ಟರ್ ಮಿಂಚಿನ ಹೊಡೆತವನ್ನು ಭೂಮಿಗೆ ದಾಟಿಸಬೇಕು, ಭೂಮಿಯೇ ಹಿಡಿದುಕೊಳ್ಳದಿದ್ದರೆ ಅದು ಎಲ್ಲಿಗೆ ಕಳಿಸಬೇಕು? ಹೊಸ ಗುಂಡಿ ತೆಗೆಸಿ ಅರ್ಥ್ ರೆಸಿಸ್ಟೆನ್ಸ್ ಅಳೆಸಿದೆವು. ಆ ಹುಡುಗ ಇದನ್ನು ನನಗೆ ಕೆಲಸ ಮುಗಿದ ಮೇಲೆ ಹೇಳಿದ. ಮೊದಲಾಗಿದ್ದರೆ ಸಿಟ್ಟು ಬರುತ್ತಿತ್ತು.

ಈಗ ನಾವು ಏನು ಮಾಡುತ್ತೇವೆ ಅಂದರೆ, ಫೋಟೋ ನೋಡಿ ನಾನು ಯಾವುದಕ್ಕೂ ಓಕೆ ಅನ್ನುವುದಿಲ್ಲ. ಸೈಟಿನಲ್ಲಿ ಯಾರು ನಿಂತಿದ್ದಾರೋ ಅವರು ಕತ್ತಲಾದ ಮೇಲೆ ಲೈಟ್ ಹಾಕಿ ಕಣ್ಣಲ್ಲಿ ನೋಡಿ, ಲಕ್ಸ್ ಮೀಟರ್ ಹಿಡಿದು ಬರೆದು, ಅವರೇ ತೀರ್ಮಾನ ಮಾಡಬೇಕು. ಬಜೆಟ್ ಬದಲಾದರೆ, ಆರ್ಕಿಟೆಕ್ಟ್ ಜೊತೆ ಜಟಾಪಟಿ ಆದರೆ ನನಗೆ ಹೇಳಿ, ಉಳಿದದ್ದು ನಿಮ್ಮದು ಅಂದಿದ್ದೇನೆ. ಬಾಯಲ್ಲಿ ಹೇಳಿದಷ್ಟು ಸುಲಭ ಆಗಲಿಲ್ಲ. ಮೊದಲ ತಿಂಗಳು ಎಲ್ಲರೂ ‘ಸುಮ್ನೆ ಒಂದ್ಸಲ ನೋಡಿ ಸರ್’ ಅಂತ ಫೋಟೋ ಹಾಕುತ್ತಲೇ ಇದ್ದರು, ನನ್ನ ಬೆರಳೂ ತುರಿಸುತ್ತಲೇ ಇತ್ತು. ದೊಡ್ಡ ಜಗಳ ಆಗಿದ್ದು ಹೆಡ್ ಆಫೀಸಿನ ಜೊತೆ. ಲೈಟು ತಿರುಗಿಸಿ ಗುರಿ ಹೊಂದಿಸುವ ಕೆಲಸ ಆಗುವುದೇ ರಾತ್ರಿ. ಏಳಕ್ಕೆ ಶುರು ಮಾಡಿದರೆ ಹನ್ನೊಂದು. ಮಾರನೇ ದಿನ ಒಂಬತ್ತೂವರೆಗೆ ಪಂಚ್ ಮಾಡು ಅಂದರೆ ಯಾರು ಮಾಡುತ್ತಾರೆ? ಮಾಡುವುದಿಲ್ಲ, ಮಧ್ಯಾಹ್ನ ಕಿಟಕಿ ತೆರೆದು ಫೋಟೋ ತೆಗೆದು ಕಳಿಸುತ್ತಾರೆ. ಇದನ್ನು ಅರ್ಥ ಮಾಡಿಸಿ ರಾತ್ರಿ ಸೈಟಿಗೆ ಅರ್ಧ ದಿನ ರಜೆ ಬರೆಸಿಕೊಳ್ಳಲು ನನಗೆ ಐದು ತಿಂಗಳು ಹಿಡಿಯಿತು.

ಹೊಸಬರು ಸೇರಿದರೆ ಈಗ ಮೊದಲ ವಾರ ಆಫೀಸಿನಲ್ಲಿ ಕೂರಿಸಿ ಡೈಯಲಕ್ಸ್ ಅನ್ನುವ ಲೈಟಿಂಗ್ ಲೆಕ್ಕದ ಸಾಫ್ಟ್‌ವೇರ್ ಕಲಿಸುವುದಿಲ್ಲ. ದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೇನೆ, ಸಂಜೆ ನಾಲ್ಕರ ಮೇಲೆ. ಏಳು ಸುತ್ತಿನ ಕೋಟೆಯ ದಾರಿ ಬಾಗಿಲು ಬಾಗಿಲಿಗೂ ತಿರುಗುತ್ತದಲ್ಲ, ಹಾಗಾಗಿ ಒಂದೇ ಹೊತ್ತಿನಲ್ಲಿ ಒಂದು ಗೋಡೆಗೆ ಬಿಸಿಲು ಎದುರಿಗೆ ಬಿದ್ದಿರುತ್ತದೆ, ತಿರುವಿನಾಚೆಯ ಗೋಡೆಯನ್ನು ಪಕ್ಕದಿಂದ ಸವರುತ್ತಿರುತ್ತದೆ. ಎದುರು ಬಿಸಿಲಿನ ಗೋಡೆ ಸಪ್ಪೆ. ಪಕ್ಕದ ಬಿಸಿಲಿನ ಗೋಡೆಯಲ್ಲಿ ಕಲ್ಲು ಕಲ್ಲಿನ ಸಂದೂ, ಉಳಿಯ ಏಟೂ ಎಣಿಸಬಹುದು. ಎರಡಕ್ಕೂ ಫೋಟೋ ತೆಗೀರಿ ಅನ್ನುತ್ತೇನೆ, ಆಮೇಲೆ ಫೋಟೋನೂ ಗೋಡೆನೂ ಅಕ್ಕಪಕ್ಕ ಇಟ್ಟು ನೋಡಿ ಅನ್ನುತ್ತೇನೆ. ಕಳೆದ ಸಲ ಬಂದ ಹುಡುಗ ಬಹಳ ಹೊತ್ತು ನೋಡಿ ‘ಫೋನಲ್ಲೇ ಚೆನ್ನಾಗಿದೆ ಸರ್’ ಅಂದ. ಅವನನ್ನು ಇನ್ನೊಂದು ಸಲ ಕರೆದುಕೊಂಡು ಹೋಗಬೇಕು.

ಆ ಮಂಟಪದ ಹುಡುಗಿ ಈಗ ಚಿತ್ರದುರ್ಗದ ಸೈಟುಗಳನ್ನೆಲ್ಲ ತಾನೇ ನೋಡುತ್ತಾಳೆ. ಹೋದ ವಾರ ರಾತ್ರಿ ಹತ್ತೂಕಾಲಿಗೆ ಅವಳ ಮೆಸೇಜ್ ಬಂತು. ‘ಬ್ಯಾಂಕ್ ಸೈಟ್‌ನಲ್ಲಿ ಮತ್ತೆ ಕಲ್ಲು ಹೋಗಿ ಪುಟ್ಟಿ ಬಂದಿದೆ ಸರ್. ಗ್ರೇಜಿಂಗ್ ಬೇಡ ಅಂದೆ, ಸೀಲಿಂಗ್ ಮುಚ್ಚೋಕೆ ಮುಂಚೆನೇ ಲೈಟ್ ಹಿಂದಕ್ಕೆ ಹಾಕಿಸಿದೆ. ನಾಳೆ ಮಧ್ಯಾಹ್ನದ ಮೇಲೆ ಆಫೀಸಿಗೆ ಬರ್ತೀನಿ.’ ಫೋಟೋ ಹಾಕಿರಲಿಲ್ಲ.