ಅಟ್ಟೆ, ಚೆಂಡು ಮತ್ತು ನಾಲ್ಕನೆಯ ತರಗತಿಯ ಗಣಿತ ಸ್ಪರ್ಧೆ

ಮಳೆಗಾಲದ ನಡುವಿನಿಂದ ದಸರಾ ರಜೆಯವರೆಗೆ ಉಡುಪಿಯ ಶಾಲಾಮಕ್ಕಳ ಚೀಲಗಳಲ್ಲಿ ಬಣ್ಣಬಣ್ಣದ ಕರಪತ್ರಗಳು ಮನೆಗೆ ಬರುತ್ತಿರುತ್ತವೆ. ಒಂದು ಒಲಿಂಪಿಯಾಡಿನದ್ದು, ಇನ್ನೊಂದು ಅಬಾಕಸ್ ಸ್ಪರ್ಧೆಯದ್ದು, ಮತ್ತೊಂದು ಯಾವುದೋ ಪ್ರತಿಭಾನ್ವೇಷಣೆಯದ್ದು. ಎಲ್ಲದರಲ್ಲಿಯೂ ಪದಕ ಹಿಡಿದು ನಗುವ ಮಗುವಿನ ಚಿತ್ರ, ಕೆಳಗೆ ಶುಲ್ಕದ ವಿವರ, ಹಣ ಕಟ್ಟಲು ಕೊನೆಯ ದಿನ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಊರಿನ ಯುವಕ ಮಂಡಲವು ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗಾಗಿ ನಡೆಸುವ ಸಣ್ಣ ಗಣಿತ ಸ್ಪರ್ಧೆಗೆ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, "ಮಗುವನ್ನು ಯಾವುದಕ್ಕೆ ಕೂರಿಸುವುದು ಸರ್?" ಎಂಬ ಪ್ರಶ್ನೆಯನ್ನು ದಾರಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಕೇಳುವವರು ಹೆಚ್ಚಾಗಿದ್ದಾರೆ. ಸ್ಪರ್ಧೆಯ ಹೆಸರನ್ನೂ ಪದಕವನ್ನೂ ಬದಿಗಿಟ್ಟು, ಅಲ್ಲಿ ಒಂದು ಪ್ರಶ್ನೆಗೆ ಎಷ್ಟು ನಿಮಿಷ ಸಿಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ ಎಂದು ನಾನು ಹೇಳುತ್ತೇನೆ.

ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ನಿಜವಾದ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯಾದಲ್ಲಿ ಆರಂಭವಾಯಿತು. ಭಾರತದ ತಂಡ ಮೊದಲ ಬಾರಿಗೆ ಅದರಲ್ಲಿ ಭಾಗವಹಿಸಿದ್ದು 1989ರಲ್ಲಿ, ನಮ್ಮ ದೇಶವೇ ಮುಂಬೈಯಲ್ಲಿ ಅದನ್ನು ನಡೆಸಿಕೊಟ್ಟದ್ದು 1996ರಲ್ಲಿ. ಅಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ದಿನಕ್ಕೆ ಮೂರೇ ಪ್ರಶ್ನೆ. ಅಂದರೆ ಜಗತ್ತಿನ ಅತ್ಯಂತ ಚುರುಕಾದ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಒಂದು ಪ್ರಶ್ನೆಗೆ ತೊಂಬತ್ತು ನಿಮಿಷ. ಅದಕ್ಕೆ ಹೋಗುವ ದಾರಿಯಲ್ಲಿ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಹಲವು ಹಂತದ ಆಯ್ಕೆಗಳಿವೆ, ಆ ದಾರಿ ತೆರೆಯುವುದೇ ಎಂಟನೆಯ ತರಗತಿಯ ಹೊತ್ತಿಗೆ. ಇದೇ ಹೆಸರನ್ನು ಹೋಲುವ ಹೆಸರಿಟ್ಟುಕೊಂಡು ಒಂದನೆಯ ತರಗತಿಯಿಂದಲೇ ನಡೆಯುವ ಖಾಸಗಿ ಪರೀಕ್ಷೆಗಳಲ್ಲಿ ಏಳೆಂಟು ವರ್ಷದ ಮಗು ಅರುವತ್ತು ನಿಮಿಷಗಳಲ್ಲಿ ಮೂವತ್ತೈದು ಪ್ರಶ್ನೆಗಳಿಗೆ ವೃತ್ತ ತುಂಬಬೇಕಾಗುತ್ತದೆ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಇಲ್ಲ. ಹದಿನೇಳರ ಹುಡುಗನಿಗೆ ಯೋಚಿಸಲು ಪುರುಸೊತ್ತು ಕೊಡುವ ನಾವು, ಅಕ್ಷರ ಕೂಡಿಸಿ ಓದುವುದನ್ನು ಈಗಷ್ಟೇ ಕಲಿತ ಮಗುವಿಗೆ ಅದನ್ನು ಏಕೆ ಕೊಡುವುದಿಲ್ಲವೋ ಗೊತ್ತಿಲ್ಲ. ಇವೆರಡೂ ಬೇರೆ ಬೇರೆ ಪರೀಕ್ಷೆಗಳೆಂಬುದು ಕೂಡ ಅನೇಕ ತಂದೆತಾಯಿಯರಿಗೆ ತಿಳಿದಿರುವುದಿಲ್ಲ. ಬುದ್ಧಿವಂತರ ಜಿಲ್ಲೆ ಎಂದು ಕರೆಸಿಕೊಳ್ಳುವ ಹುಮ್ಮಸ್ಸು ನಮ್ಮಲ್ಲಿ ತುಸು ಹೆಚ್ಚೇ ಇದೆ.

ಅಬಾಕಸ್ ಬಗ್ಗೆ ನನಗೆ ತಕರಾರಿಲ್ಲ. ಮೇಲೊಂದು, ಕೆಳಗೆ ನಾಲ್ಕು ಮಣಿಗಳ ಆ ಜಪಾನೀ ಚೌಕಟ್ಟನ್ನು ಬೆರಳಿಗೆ, ಆಮೇಲೆ ಮನಸ್ಸಿಗೆ ಇಳಿಸಿಕೊಂಡ ಮಗು ಉದ್ದನೆಯ ಕೂಡುವಿಕೆಯನ್ನು ಕ್ಷಣದಲ್ಲಿ ಮುಗಿಸುವುದನ್ನು ನೋಡುವುದೇ ಒಂದು ಸಂತೋಷ. ಇಡೀ ದಿನ ಲೆಡ್ಜರಿನ ಸಾಲುಗಳನ್ನು ಕೂಡುತ್ತಿದ್ದ ನನ್ನ ತಲೆಮಾರಿನ ಗುಮಾಸ್ತರು ಅದನ್ನು ಮೆಚ್ಚದಿರಲಾರರು. ಆದರೆ ಅದು ಟೈಪಿಂಗ್‌ನಂತೆ ಒಂದು ಕೈಚಳಕ. ಲೆಕ್ಕ ಏನನ್ನು ಕೇಳುತ್ತಿದೆ, ಕೂಡಬೇಕೋ ಕಳೆಯಬೇಕೋ ಎಂಬ ನಿರ್ಧಾರವನ್ನು ಅಲ್ಲಿ ಬೇರೆಯವರು ಆಗಲೇ ಮಾಡಿಟ್ಟಿರುತ್ತಾರೆ.

ಪ್ರಾಥಮಿಕ ಹಂತದ ಸ್ಪರ್ಧೆಗಳು ವೇಗದ ಕಡೆಗೆ ವಾಲಲು ಕಾರಣ ಸರಳವಾಗಿದೆ. ಸಾವಿರಾರು ಮಕ್ಕಳು ವೃತ್ತ ತುಂಬಿದ ಓಎಂಆರ್ ಹಾಳೆಗಳನ್ನು ಯಂತ್ರ ನೋಡಿ ಮುಗಿಸುತ್ತದೆ. ಮಗು ತಾನೇ ಬಿಡಿಸಿ ಬರೆದ ಉತ್ತರವನ್ನು ಓದಲು ಮನುಷ್ಯನೇ ಬೇಕು, ಅದೂ ಸಿಟ್ಟಿಲ್ಲದ ಮನುಷ್ಯ. ನಮ್ಮ ಮಂಡಲದ ಸ್ಪರ್ಧೆ ಚಿಕ್ಕದಾಗಿರುವುದರಿಂದ ಈ ಸೌಕರ್ಯ ನಮಗಿದೆ. ಒಂದೂವರೆ ಗಂಟೆಗೆ ಎಂಟು ಪ್ರಶ್ನೆ, ಉತ್ತರದ ಜತೆಗೆ ಹೇಗೆ ಬಂತು ಎಂಬುದನ್ನೂ ಬರೆಯಬೇಕು, ಚಿತ್ರ ಬಿಡಿಸಿದರೂ ಆದೀತು.

ಪ್ರಶ್ನೆಗಳನ್ನು ನಾನು ಆದಷ್ಟು ಊರಿನಿಂದಲೇ ಆರಿಸುತ್ತೇನೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿತ್ತು. ಒಂದು ರೂಪಾಯಿಗೆ ಹದಿನಾರು ಆಣೆ ಎಂದು ತಿಳಿಸಿ, ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನ ಕಟ್ಟಿದವರ ಖಾತೆಯಲ್ಲಿ ಎಷ್ಟು ಹಣವಿರುತ್ತದೆ ಎಂದು ಕೇಳಿದೆ. ಅರುವತ್ತು ಆಣೆ ಎಂಬಲ್ಲಿಯವರೆಗೆ ಹೆಚ್ಚಿನವರು ಬಂದರು. ಅಲ್ಲಿಂದ ಕೆಲವರು ಹತ್ತರಿಂದ ಭಾಗಿಸಿ ಆರು ರೂಪಾಯಿ ಎಂದರು, ಹಲವರು ಮೂರು ರೂಪಾಯಿ ಹನ್ನೆರಡು ಆಣೆ ಎಂದು ಸರಿಯಾಗಿ ಬರೆದರು, ಒಬ್ಬ ಹುಡುಗ ಮಾತ್ರ ಅದನ್ನೇ "3.12 ರೂಪಾಯಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ನಾಲ್ಕು ಆಯ್ಕೆಗಳಿರುವ ಪತ್ರಿಕೆಯಲ್ಲಿ ಇವನದೂ ಆರು ರೂಪಾಯಿಯವನದೂ ಒಂದೇ ಸೊನ್ನೆ. ಬರೆದ ಉತ್ತರದಲ್ಲಿ ನೋಡಿದರೆ ಒಬ್ಬನಿಗೆ ಹದಿನಾರರ ಗುಂಪು ಅರ್ಥವಾಗಿಲ್ಲ, ಇನ್ನೊಬ್ಬನಿಗೆ ಅದು ಪೂರ್ತಿ ಅರ್ಥವಾಗಿದೆ. ದಶಮಾಂಶದ ಚುಕ್ಕಿ ಏನು ಹೇಳುತ್ತದೆ ಎಂಬುದಷ್ಟೇ ಬಾಕಿ. ಇಬ್ಬರಿಗೂ ಟೀಚರು ಮರುದಿನ ಹೇಳಿಕೊಡಬೇಕಾದ ಪಾಠವೇ ಬೇರೆ.

ಇನ್ನೊಂದು ಪ್ರಶ್ನೆ ಶಂಕರಪುರದ ಮಲ್ಲಿಗೆಯದ್ದು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಈ ಅಳತೆಯನ್ನು ಮಲ್ಲಿಗೆ ಬೆಳೆಯುವ ಮನೆಯ ಮಕ್ಕಳು ಬಾಳೆನಾರಿನೊಂದಿಗೇ ಕಲಿತಿರುತ್ತಾರೆ. ಉಳಿದವರಿಗೆ ಅನ್ಯಾಯವಾಗಬಾರದೆಂದು ಅದನ್ನು ಪ್ರಶ್ನೆಯಲ್ಲಿಯೇ ವಿವರಿಸಿದ್ದೆ. ಅಮ್ಮ ಮತ್ತು ಅಜ್ಜಿ ಸೇರಿ ಎರಡು ಅಟ್ಟೆ, ಮೂರು ಚೆಂಡು ಮಲ್ಲಿಗೆ ಕಟ್ಟಿದ್ದಾರೆ, ಒಟ್ಟು ಎಷ್ಟು ಹೂವು? ಶಾಲೆಯ ಕ್ರಮದಲ್ಲಿ ಎರಡನ್ನು ನಾಲ್ಕರಿಂದ ಗುಣಿಸಿ, ಮೂರು ಕೂಡಿಸಿ, ಹನ್ನೊಂದನ್ನು ಎಂಟುನೂರರಿಂದ ಗುಣಿಸಿದರೆ 8,800. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಇದಾವುದನ್ನೂ ಮಾಡಿರಲಿಲ್ಲ. "ಮೂರು ಅಟ್ಟೆಗೆ ಒಂದು ಚೆಂಡು ಕಡಿಮೆ" ಎಂದು ಒಂದು ಸಾಲು ಬರೆದು, ಅದರ ಕೆಳಗೆ 9,600ರಿಂದ 800 ಕಳೆದು ಉತ್ತರ ಕೊಟ್ಟಿದ್ದಳು. ಜತೆಗೆ ಉತ್ತರಪತ್ರಿಕೆ ನೋಡುತ್ತಿದ್ದ ಮಾಸ್ತರರೊಬ್ಬರು ಹಂತಗಳಿಲ್ಲವೆಂದು ಅರ್ಧ ಅಂಕ ಕಡಿಯಲು ಹೊರಟರು. ಅವರೊಂದಿಗೆ ನಾನು ಗಟ್ಟಿಯಾಗಿಯೇ ವಾದಿಸಿದೆ, ಏಕೆಂದರೆ ಆ ಒಂದು ಸಾಲಿನಲ್ಲಿರುವಷ್ಟು ಗಣಿತ ಉಳಿದವರ ನಾಲ್ಕು ಹಂತಗಳಲ್ಲಿ ಇರಲಿಲ್ಲ. ಪೂರ್ಣ ಅಂಕವೇ ಸಿಕ್ಕಿತು. ಹೂವಿನ ಲೆಕ್ಕ ಮನೆಯಲ್ಲಿ ಹಾಗೆಯೇ ನಡೆಯುತ್ತದೆ: ಪೂರ್ತಿ ಅಟ್ಟೆಗೆ ಎಷ್ಟು ಬಾಕಿ ಎಂಬುದನ್ನು ನೋಡಿಕೊಂಡೇ ಕಟ್ಟುವವರು ಉಳಿದ ಹೂವಿಗೆ ಕೈ ಹಾಕುವುದು.

ಭಾಷೆಯ ತೊಡಕನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡುವವರು. ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ ಇರುತ್ತದೆ. ಬೆರಳು ಮಡಚಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸಿ, ಕನ್ನಡದಲ್ಲಿ ಓದಿದ ಪ್ರಶ್ನೆಗೆ ಉತ್ತರ ಬರೆಯುವ ಮಗು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ. ಖಾಸಗಿ ಸ್ಪರ್ಧೆಗಳ ಪತ್ರಿಕೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ, ಅಲ್ಲಿ ಕಡಿಮೆ ಅಂಕ ಬಂದರೆ ಸೋತದ್ದು ಗಣಿತದಲ್ಲಿಯೋ ಓದಿನಲ್ಲಿಯೋ ಎಂದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ನಾವು ಪ್ರಶ್ನೆಗಳನ್ನು ಎರಡು ಭಾಷೆಗಳಲ್ಲಿ ಮುದ್ರಿಸುತ್ತೇವೆ, ಅಷ್ಟಲ್ಲದೆ ಮೊದಲ ಹತ್ತು ನಿಮಿಷ ಒಬ್ಬರು ಎಲ್ಲ ಪ್ರಶ್ನೆಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಯಾರಾದರೂ ಕೇಳಿದರೆ ತುಳುವಿನಲ್ಲಿಯೂ.

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಹೊತ್ತೇ ಇಡೀ ದಿನದಲ್ಲಿ ನನಗೆ ಹೆಚ್ಚು ಇಷ್ಟ. ಮಕ್ಕಳನ್ನು ಹೊರಗೆ ಬಿಟ್ಟರೆ ಜಗಲಿಯಲ್ಲಿ ಕಾದಿರುವ ಹೆತ್ತವರು "ಎಷ್ಟು ಸರಿ ಉಂಟು?" ಎಂದು ಸುತ್ತುವರಿಯುತ್ತಾರೆ. ಆದ್ದರಿಂದ ಮಕ್ಕಳನ್ನು ಒಳಗೇ ಉಳಿಸಿಕೊಂಡು, ಅವಲಕ್ಕಿ ಚಹಾ ಕೊಟ್ಟು, ಕಾಪ್ರೇಕರರ ಆಟ ಆಡಿಸುತ್ತೇವೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರರು ಕಂಡುಹಿಡಿದ ಸಂಗತಿ ಇದು. ನಾಲ್ಕು ಅಂಕಿಗಳ ಒಂದು ಸಂಖ್ಯೆ ಬರೆಯಿರಿ, ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು. ಅದೇ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದ ಸಂಖ್ಯೆಯನ್ನು ಅದರಿಂದ ಕಳೆಯಿರಿ. ಬಂದ ಉತ್ತರಕ್ಕೂ ಹೀಗೆಯೇ ಮಾಡುತ್ತ ಹೋಗಿ. 3524 ಎಂದು ಹೊರಟರೆ 5432ರಿಂದ 2345 ಕಳೆದು 3087, ಮುಂದೆ 8730ರಿಂದ 0378 ಕಳೆದು 8352, ಅದರ ಮುಂದೆ 8532ರಿಂದ 2358 ಕಳೆದು 6174. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ.

ಕಳೆದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನನಗೆ ಸೊನ್ನೆ ಬಂತು, ಇದು ಸುಳ್ಳು" ಎಂದ. ಅವನು ಆರಿಸಿಕೊಂಡ ಸಂಖ್ಯೆ 2111. 2111ರಿಂದ 1112 ಕಳೆದರೆ 999. ಇಳಿಕೆಯಲ್ಲಿಯೂ ಏರಿಕೆಯಲ್ಲಿಯೂ 999, ಕಳೆದರೆ ಸೊನ್ನೆ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಬೆಂಚಿನ ಹುಡುಗಿ "ನಾಲ್ಕು ಅಂಕಿ ಬೇಕಲ್ಲ, ಮುಂದೆ ಒಂದು ಸೊನ್ನೆ ಹಾಕು" ಎಂದಳು. 9990ರಿಂದ 0999 ಕಳೆದು 8991, ಅಲ್ಲಿಂದ 8082, 8532, ಕೊನೆಗೆ 6174. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕಲಿತಿದ್ದ ಹುಡುಗ ಸುಮ್ಮನೆ ಒಪ್ಪಲಿಲ್ಲ. ಅದು ಹೇಗೆ ಆಗುತ್ತದೆಂದು ಇಬ್ಬರೂ ಚಹಾ ತಣ್ಣಗಾಗುವವರೆಗೆ ಜಗಳವಾಡಿದರು. ಮೂರಂಕಿಯಲ್ಲಿ ಆಡಿದರೆ ಕೊನೆಗೆ ನಿಲ್ಲುವ ಸಂಖ್ಯೆ ಯಾವುದೆಂದು ಹುಡುಕಿಕೊಂಡು ಬರಲು ಹೇಳಿ ಕಳುಹಿಸಿದೆ.

ಬಹುಮಾನದ ವಿಷಯದಲ್ಲಿ ಮಂಡಲದೊಳಗೆ ಇನ್ನೂ ಒಮ್ಮತವಿಲ್ಲ. ಪ್ರಾಯೋಜಕರಿಗೆ ವೇದಿಕೆ ಬೇಕು, ಫಲಕ ಬೇಕು, ಪ್ರಥಮ ದ್ವಿತೀಯ ತೃತೀಯ ಬೇಕು. ಈ ವಯಸ್ಸಿನಲ್ಲಿ ಎರಡನೆಯವನಿಗೂ ಏಳನೆಯವನಿಗೂ ಇರುವ ವ್ಯತ್ಯಾಸ ಬಹಳ ಸಲ ಯಾವುದೋ ಒಂದು ಪ್ರಶ್ನೆಯನ್ನು ಅವಸರದಲ್ಲಿ ಓದಿದ್ದಷ್ಟೇ ಆಗಿರುವುದರಿಂದ, ಸ್ಥಾನಗಳನ್ನು ಘೋಷಿಸುವ ಬದಲು ಒಳ್ಳೆಯ ನಾಲ್ಕೈದು ಉತ್ತರಗಳನ್ನು ಬರೆದವರಿಂದಲೇ ಹಲಗೆಯ ಮೇಲೆ ಬಿಡಿಸಿ ತೋರಿಸಬೇಕೆಂದು ನನ್ನ ಒತ್ತಾಯ. ಸದ್ಯಕ್ಕೆ ಎರಡೂ ನಡೆಯುತ್ತಿವೆ. ಮಲ್ಲಿಗೆಯ ಉತ್ತರ ಬರೆದ ಹುಡುಗಿಗೆ ಸ್ಥಾನ ಬರಲಿಲ್ಲ, ಆದರೆ ಹಲಗೆಯ ಮುಂದೆ ನಿಂತು ಅವಳು ವಿವರಿಸುವಾಗ ಹಿಂದಿನ ಸಾಲಿನ ತಾಯಂದಿರು ತಲೆಯಾಡಿಸುತ್ತಿದ್ದುದನ್ನು ಪ್ರಾಯೋಜಕರೂ ನೋಡಿದ್ದಾರೆ.

ಸರಕಾರಿ ಶಾಲೆಯ ಮಕ್ಕಳ ಪೋಷಕರು ಗ್ರಾಮ ಪಂಚಾಯತ್ ಮಟ್ಟದ ಗಣಿತ ಸ್ಪರ್ಧೆಯನ್ನು ತಪ್ಪಿಸಬಾರದು. ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಸಹಯೋಗದಲ್ಲಿ ನಾಲ್ಕರಿಂದ ಆರನೆಯ ತರಗತಿಯವರಿಗೆ ನಡೆಯುವ ಇದು ಕನ್ನಡದಲ್ಲಿರುತ್ತದೆ. ಊರಿನವರು, ಪಂಚಾಯತ್ ಸದಸ್ಯರು ಎದುರಿಗೇ ಇರುತ್ತಾರೆ. ಬೀಡಿ ಕಟ್ಟಿ ಬದುಕುವ ಮನೆಯ ತಾಯಿಯೊಬ್ಬರಿಗೆ ಮಗಳ ಲೆಕ್ಕವನ್ನು ನೋಡಲು ಶಾಲೆಯ ಒಳಗೆ ಬಂದು ಕುಳಿತುಕೊಳ್ಳಲು ಒಂದು ಕಾರಣ ಸಿಗುವುದು ಸಣ್ಣ ವಿಷಯವಲ್ಲ.

ಶುಲ್ಕ ಕಟ್ಟುವ ಸ್ಪರ್ಧೆಗೇ ಸೇರಿಸುವುದಾದರೆ, ಹಣ ಕಟ್ಟುವ ಮೊದಲು ಹಿಂದಿನ ವರ್ಷದ ಪತ್ರಿಕೆಯೊಂದನ್ನು ತರಿಸಿಕೊಂಡು ಗಡಿಯಾರವಿಲ್ಲದೆ ಮಗುವಿನೊಂದಿಗೆ ಕುಳಿತು ಬಿಡಿಸಿ. ಎಲ್ಲ ಪ್ರಶ್ನೆಗಳೂ ಪಠ್ಯಪುಸ್ತಕದ ಲೆಕ್ಕಗಳ ಅಂಕಿ ಬದಲಾಯಿಸಿದ ರೂಪಗಳೇ ಆಗಿದ್ದರೆ ಆ ಹಣವನ್ನು ಉಳಿಸಬಹುದು. ಮಗು ಏನು ಗುರುತು ಹಾಕಿತ್ತು, ಸರಿಯುತ್ತರ ಯಾವುದು ಎಂಬ ವಿವರ ಮನೆಗೆ ಬರುತ್ತದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಬರೀ ಅಂಕ ಮತ್ತು ಸ್ಥಾನ ಮಾತ್ರ ಬರುವುದಾದರೆ ಪ್ರಶ್ನೆಪತ್ರಿಕೆಯನ್ನಾದರೂ ಮಗು ಹೊರಗೆ ತರಬಹುದೇ ಎಂದು ಕೇಳಿ. ಅದಕ್ಕೂ ಅನುಮತಿಯಿಲ್ಲದ ಸ್ಪರ್ಧೆಗೆ ನನ್ನ ಮೊಮ್ಮಗಳನ್ನು ಈ ವರ್ಷ ಸೇರಿಸಿಲ್ಲ. ಮೂರಂಕಿಯ ಸಂಖ್ಯೆ 495 ಎಂದು ಅವಳು ಮಂಡಲದ ಸ್ಪರ್ಧೆಯ ಮರುದಿನವೇ ಹೇಳಿಬಿಟ್ಟಿದ್ದಳು. ಈಗ ಐದಂಕಿಯಲ್ಲಿ ಏಕೆ ಒಂದೇ ಕಡೆ ನಿಲ್ಲುವುದಿಲ್ಲ ಎಂದು ಪ್ರತಿ ಸಂಜೆ ನನ್ನನ್ನು ಕೂರಿಸಿಕೊಂಡು ಕಳೆಯುತ್ತಿದ್ದಾಳೆ.